ಕೊಡ್ಲಿ ಶಾಲೆಯ ತಗಡು, ಶಹಾಬಾದದ ಜಾನಬಿ

ಈ ವೃತ್ತಾಂತವನ್ನು ಮೊದಲು ಹೇಳಿದವರು ಚಿಂಚೋಳಿ ತಾಲೂಕು ಕೊಡ್ಲಿಯ ಹಿರಿಯರಾದ ಗುರುಲಿಂಗಯ್ಯನವರು. ಹೇಳಿದ್ದು 1955ರ ಶ್ರಾವಣದ ಎರಡನೆಯ ಸೋಮವಾರ, ಮಧ್ಯಾಹ್ನದ ಮಳೆಯಲ್ಲಿ, ಊರ ಶಾಲೆಯ ಪೂರ್ವದ ಕೋಣೆಯಲ್ಲಿ. ಕೇಳಲು ಕುಳಿತವರು ಇಪ್ಪತ್ತಕ್ಕೆ ಮಿಕ್ಕಿದ್ದರು. ಅದೇ ಸಂಗತಿಯನ್ನು ಆಮೇಲೆ ಶಹಾಬಾದದಲ್ಲಿ ಇಬ್ಬರಿಂದ, ಚಿತ್ತಾಪುರದಲ್ಲಿ ಒಬ್ಬರಿಂದ, ಕಡೆಗೆ ಕಥೆಯ ಒಡತಿಯ ಬಾಯಿಂದಲೇ ಕೇಳಿ ಸರಿನೋಡಿಕೊಳ್ಳಲಾಗಿದೆ. ಬಾಯಿಂದ ಬಾಯಿಗೆ ತಗಡುಗಳ ಸಂಖ್ಯೆ ಬೆಳೆದಿದೆ, ಮಳೆಯ ದಿನಗಳು ಹೆಚ್ಚಿವೆ. ಅವಳು ಆಡಿದ ಮಾತು ಮಾತ್ರ ಎಲ್ಲರಲ್ಲಿಯೂ ಒಂದೇ.

ಒಡತಿ ಎಂದರೆ ಜಾನಬಿ. ಈ ವೈಶಾಖದ ಒಂದು ನಸುಕಿನಲ್ಲಿ ಅವಳು ವಾಡಿ ಸ್ಟೇಷನ್ನಿನ ಹಿಂದಿನ ಹೊಸ ಹಿಟ್ಟಿನ ಗಿರಣಿಯ ನೆತ್ತಿಯ ಮೇಲಿದ್ದಾಳೆ. ಮೂಡಲು ಇನ್ನೂ ಕೆಂಪೇರಿಲ್ಲ. ನಲವತ್ತು ದಾಟಿದ ಈ ಹೆಂಗಸು ಸೆರಗನ್ನು ಸೊಂಟಕ್ಕೆ ಬಿಗಿದು, ಬಾಯಲ್ಲಿ ನಾಲ್ಕು ಮೊಳೆ ಕಚ್ಚಿ, ಕುದುರೆ ಏರಿದಂತೆ ತೊಲೆಯ ಮೇಲೆ ಕುಳಿತಿದ್ದಾಳೆ. ಕೆಳಗೆ ಫರ್ಸಿಕಲ್ಲಿನ ಚಪ್ಪಡಿಯ ಮೇಲೆ ಬಲಗಾಲು ಚಾಚಿ ಕುಳಿತ ಗಂಡ ಮೌಲಾಲಿಯ ಧ್ವನಿ ಮಾತ್ರ ಅವಳಿಗಿಂತ ಎತ್ತರಕ್ಕೆ ಏರುತ್ತದೆ.

“ಏ, ಉಬ್ಬಿನ ಮ್ಯಾಲ ಹೊಡಿ, ತಗ್ಗಿನ್ಯಾಗ ಅಲ್ಲ!”

ಜಾನಬಿ ಮೂರು ಮೊಳೆ ಹೊಡೆದು, ನಾಲ್ಕನೆಯದನ್ನು ಬಾಯಿಂದ ತೆಗೆದು ಹೇಳುತ್ತಾಳೆ: “ಎದ್ದಾಗಿಂದ ಇಪ್ಪತ್ತು ಸಲ ಹೇಳೀರಿ. ಇನ್ನೊಮ್ಮಿ ಹೇಳಿದ್ರ ಈ ಮೊಳಿ ನಿಮ್ಮ ಬಾಯಿಗೇ ಹೊಡೀತೀನಿ ನೋಡ್ರಿ.”

“ಕಾಲು ಮುರಕೊಂಡವಗ ಬಾಯಿ ಒಂದೇ ಉಳದದ. ಅದನ್ನೂ ಮುಚ್ಚಾಕ ನಿಂತಾಳ ಪುಣ್ಯಾತ್‌ಗಿತ್ತಿ” ಎಂದು ಮೌಲಾಲಿ ನಗುತ್ತಾನೆ.

ಊರವರು ಪತ್ರಾ ಎನ್ನುವ ಈ ಅಲೆಅಲೆಯ ಸತುವಿನ ತಗಡಿನಲ್ಲಿ ನೀರು ಹರಿಯುವುದು ತಗ್ಗಿನಲ್ಲಿ. ಆದ್ದರಿಂದ ಮೊಳೆ ಉಬ್ಬಿನ ಮೇಲೆ. ಒಂದರ ಮೇಲೆ ಇನ್ನೊಂದು ಒಂದೂವರೆ ಉಬ್ಬಿನಷ್ಟು ಏರಬೇಕು. ಮಳೆಗಾಳಿ ಪಡುವಣದಿಂದ ಬರುವುದರಿಂದ ಹಾಸುವ ಕೆಲಸ ಮೂಡಣದಿಂದ ಮೊದಲಾಗಬೇಕು. ಇಲ್ಲವಾದರೆ ಗಾಳಿ ಅಂಚಿನೊಳಗೆ ಬೆರಳಿಟ್ಟು ಎಬ್ಬಿಸುತ್ತದೆ. ತಗಡಿಗೆ ಹದಿನಾಲ್ಕು ಮೊಳೆ, ಪ್ರತಿ ಮೊಳೆಯ ತಲೆಯಡಿ ಡಾಂಬರಿನಲ್ಲಿ ಅದ್ದಿದ ಗೋಣಿಯ ಬಿಲ್ಲೆ. ಚಳಿಗಾಲದಲ್ಲಿ ದಿನಕ್ಕೆ ಹದಿನೆಂಟು ತಗಡು ಹಾಸುವ ಕೈ ಬೇಸಿಗೆಯಲ್ಲಿ ಹತ್ತಕ್ಕೆ ನಿಲ್ಲುತ್ತದೆ, ಒಂಬತ್ತು ಗಂಟೆಯಾದರೆ ತಗಡು ರೊಟ್ಟಿಯ ಹಂಚು. ಅವಳ ಎರಡೂ ಮೊಣಕಾಲುಗಳ ಮೇಲೆ ಆ ಹಂಚಿನ ಬರೆಗಳಿವೆ. ಎಣಿಸಿದ್ದೀಯಾ ಎಂದರೆ, “ಬರಿ ಎಣಸಿಲ್ಲ, ಛತ್ತು ಎಣಸೀನಿ. ಇದು ಅರವತ್ತಮೂರನೇದು” ಎನ್ನುತ್ತಾಳೆ. ಛಾವಣಿಗೆ ಈ ಕಡೆಯ ಮಾತು ಛತ್ತು.

ಶಹಾಬಾದದ ಮನೆಗಳಿಗೆ ಫರ್ಸಿ ಮತ್ತು ಮಣ್ಣಿನ ಮಾಳಿಗೆಯೇ ಹಳೆಯ ಹೊದಿಕೆ. ತಗಡು ಬಂದದ್ದು ಕಲ್ಲು ಕೊಯ್ಯುವ ಕಟ್ಟೆಗಳ ಛಪ್ಪರಗಳ ಜೊತೆಗೆ. ಮೌಲಾಲಿ ಆ ಛಪ್ಪರಗಳ ಮಿಸ್ತ್ರಿ. ಹನ್ನೆರಡು ವರ್ಷ ಅವನಿಗೆ ಕೆಳಗಿನಿಂದ ತಗಡು ಎತ್ತಿ ಕೊಟ್ಟವಳು ಜಾನಬಿ. 1949ರಲ್ಲಿ ಅವನು ಜಾರಿ ಬಿದ್ದು ಮೊಣಕಾಲ ಚಿಪ್ಪು ಒಡೆದುಕೊಂಡ ದಿನ ಮೂರು ಛಾವಣಿಗಳು ಅರ್ಧಕ್ಕೆ ನಿಂತಿದ್ದವು. ನಾಲ್ಕನೆಯ ದಿನ ಅವಳು ಏಣಿ ಹತ್ತಿದಳು. ಹೆಂಗಸು ನೆತ್ತಿ ಏರಿದ ಮನೆಗೆ ಏಳಿಗೆಯಿಲ್ಲ ಎಂದವರಿಗೆ ಅವಳ ಉತ್ತರ ಇಂದಿಗೂ ಆ ಓಣಿಯಲ್ಲಿ ಓಡಾಡುತ್ತದೆ: “ಕುಂಬಳಬಳ್ಳಿ ಏರ್ತದಲ್ಲ, ಅದನ್ನ ಕಿತ್ತು ಒಗದೀರೇನು?”

ಏರಿದವಳು ಅವಳು, ಹೆಸರು ಮಾತ್ರ ಅವನದು. ಯಾರ ಮನೆಯಲ್ಲಿ ಹಾಸಿದರೂ ಅದು “ಮೌಲಾಲಿ ಮಿಸ್ತ್ರೀ ಛತ್ತು.” ಹತ್ತೊಂಬತ್ತು ಛಾವಣಿಗಳವರೆಗೆ ಜಾನಬಿ ಸುಮ್ಮನಿದ್ದಳು. ಇಪ್ಪತ್ತನೆಯದು ಕೊಡ್ಲಿಯ ರೈತರು ಕೂಡಿ ಕಟ್ಟಿದ ಕಾಳಿನ ಗೋದಾಮು. ಅಲ್ಲಿ ನಡೆದ ತಪ್ಪು ಶಹಾಬಾದದವರು ಮಾತ್ರ ಮಾಡಬಹುದಾದ ತಪ್ಪು. ಶಹಾಬಾದದಲ್ಲಿ ಗಾಳಿಯೆಂದರೆ ಕಲ್ಲಿನ ಹುಡಿ. ಅದು ಒಳಗೆ ಬಾರದಂತೆ ತಗಡಿನ ನೆತ್ತಿಯನ್ನೂ ಅಂಚುಗಳನ್ನೂ ಸುಣ್ಣಮಣ್ಣಿನಿಂದ ಬಿಗಿಯಾಗಿ ಮೆತ್ತುವುದು ಅಲ್ಲಿಯ ಮಿಸ್ತ್ರಿಗಳ ಅಭಿಮಾನ. ಕೊಡ್ಲಿ ಕಾಡಿನ ಮಗ್ಗುಲ ಊರು. ಮಳೆಗಾಲದಲ್ಲಿ ಅಲ್ಲಿ ಹಾಸಿಗೆ ಹಿಂಡಿದರೆ ನೀರು ಬರುತ್ತದೆ. ಅಲ್ಲಿಯೂ ಅವರು ಹಾಗೆಯೇ ಮೆತ್ತಿದರು.

1951ರ ಭಾದ್ರಪದದಲ್ಲಿ, ಮಳೆ ನಿಂತು ನಾಲ್ಕು ದಿನವಾದ ಮೇಲೆ, ಗೋದಾಮಿನ ಮೇಲುಸಾಲಿನ ಚೀಲಗಳು ತೊಯ್ದಿದ್ದವು. ಶಿವಕಾಂತಮ್ಮನೆಂಬ ಒಕ್ಕಲಗಿತ್ತಿಯ ಏಳು ಚೀಲ ಜೋಳ ಮೊಳಕೆಯೊಡೆದಿತ್ತು. ಹೇಳಿ ಕಳುಹಿಸಿದಾಗ ಓಡಿ ಬಂದ ಜಾನಬಿಯನ್ನು ಆಕೆ ಬಾಗಿಲಲ್ಲಿಯೇ ಹಿಡಿದಳು.

“ಬಾ ನಮ್ಮವ್ವ, ಬಾ! ಛತ್ತು ಹಾಕಂದ್ರ ಮ್ಯಾಲೊಂದು ಭಾವಿ ತೋಡಿ ಹೋಗೀಯಲ್ಲ!”

ಅಂದಿನಿಂದ ಆ ಛಾವಣಿಗೆ ಊರು ಹೊಸ ಹೆಸರಿಟ್ಟಿತು: “ಜಾನಬಿ ಛತ್ತು.” ಹತ್ತೊಂಬತ್ತು ಸಲ ಸಿಗದ ಹೆಸರು ಇಪ್ಪತ್ತನೆಯ ಸಲ ಕೇಳದೆಯೇ ಬಂತು.

ಅವಳು ತಗಡಿನ ಮೇಲೆ ಕೊಡಗಟ್ಟಲೆ ನೀರು ಸುರಿದು ನೋಡಿದಳು. ಒಂದು ಹನಿಯೂ ಒಳಗಿಳಿಯಲಿಲ್ಲ. ಮರುದಿನ ನಸುಕಿನಲ್ಲಿ ಚೀಲಗಳ ಮೇಲೆ ಅಂಗಾತ ಮಲಗಿ ಕಣ್ಣು ಕೀಲಿಸಿದಳು. ಬೆಳಕು ಹರಿಯುತ್ತಿದ್ದಂತೆ ತಗಡಿನ ಒಳಮೈಯಲ್ಲಿ ಸಾಸಿವೆಯಷ್ಟು ಹನಿಗಳು ಮೂಡಿದವು, ಒಂದನ್ನೊಂದು ಕೂಡಿದವು, ಉಬ್ಬಿನ ಗುಂಟ ಜಾರಿ ಅವಳ ಹಣೆಗೆ ತೊಟ್ಟಿಕ್ಕಿದವು. ಅಂಗೈ ಎಳೆದರೆ ಅಂಗೈ ಒದ್ದೆ.

“ತೂತಿಲ್ರಿ. ಪತ್ರಾ ಬೆವರಾಕತ್ತದ” ಎಂದು ಹೊರಗೆ ಬಂದು ಹೇಳಿದಳು. “ಅನ್ನದ ಗಡಿಗಿ ಮುಚ್ಚಳ ನೋಡೀರಿಲ್ಲೋ? ನಾವು ಬಾಯಿ ಕಟ್ಟಿ ಇಟ್ಟೀವಿ. ಒಳಗಿನ ಹಸಿ ಎಲ್ಲಿಗಿ ಹೋಗಬೇಕು?” ಅಂದೇ ಉಳಿ ಹಿಡಿದು ಮೆತ್ತಿದ್ದನ್ನೆಲ್ಲ ತಾನೇ ಕೆತ್ತಿ ತೆಗೆದಳು. ಗೋದಾಮು ಒಣಗಿತು. ಜೋಳವೂ ಹೆಸರೂ ಹೋಗಿಯಾಗಿತ್ತು. ಎರಡು ವರ್ಷ ಶಹಾಬಾದದ ಗಡಿಯಾಚೆ ಅವಳನ್ನು ಯಾರೂ ಕರೆಯಲಿಲ್ಲ.

1953ರ ಬೇಸಿಗೆಯಲ್ಲಿ ಕೊಡ್ಲಿಯ ಶಾಲೆಗೆ ಎರಡು ಕೋಣೆ ಎದ್ದವು. ಗುತ್ತಿಗೆದಾರ ಅಮೀರ್ ಅಲಿ ಮುಂಬಯಿಯಿಂದ ಹೊಸ ಬಗೆಯ ಹೊದಿಕೆ ತರಿಸಿದ್ದ: ಹಂಚಿನಳತೆಗೆ ಕತ್ತರಿಸಿ, ಮೇಲೆ ಉಸುಕು ಅಂಟಿಸಿದ ಡಾಂಬರು ಹಾಳೆ. ಹಲಗೆ ಹೊಡೆದು, ಅದರ ಮೇಲೆ ಮೀನಿನ ಪೊರೆಯಂತೆ ಒಂದರ ಮೇಲೊಂದು ಜಡಿಯುವುದು. ಸಪ್ಪಳವಿಲ್ಲ, ಬೆವರಿಲ್ಲ ಎಂದು ಅವನ ಮಾತು. ಬಂಡಿಯವನ ಬಾಯಿಂದ ಈ ಸುದ್ದಿ ಕೇಳಿದ ಜಾನಬಿ ಯಾರೂ ಕರೆಯದೆಯೇ ಗಂಡನನ್ನು ಬಂಡಿಗೆ ಹತ್ತಿಸಿಕೊಂಡು ಕೊಡ್ಲಿಗೆ ಬಂದು, ಹಿರಿಯರು ಕೂಡಿದ್ದಲ್ಲಿಗೆ ನೆಟ್ಟಗೆ ನಡೆದಳು.

“ನೀ ಯಾಕ ಬಂದಿ?” ಅಮೀರ್ ಅಲಿ ಕೇಳಿದ. “ನಿನ್ನ ಛತ್ತಿನ ಬುಡಕ ಜೋಳ ಮೊಳಕಿ ಒಡದಾವ. ಇನ್ನ ಹುಡುಗೂರಿಗೂ ಮೊಳಕಿ ಒಡಸ್ತೀಯೇನು?”

ಕೂಡಿದವರೆಲ್ಲ ನಕ್ಕರು. ನಗು ಮುಗಿದ ಮೇಲೆ ಜಾನಬಿ ಹಿರಿಯರ ನಡುವೆ ಕುಳಿತ ಗುರುಲಿಂಗಯ್ಯನವರ ಕಡೆ ತಿರುಗಿದಳು. ಮುಂದಿನದು, ಕೇಳಿದ ಐದು ಬಾಯಿಗಳಲ್ಲಿಯೂ ಅಕ್ಷರ ತಪ್ಪದ ಮಾತು:

“ಒಡದಾವ. ಆ ತಪ್ಪು ನಂದು, ಪತ್ರಾದ್ದಲ್ಲ. ಆದ್ರ ಒಂದು ಕೇಳ್ತೀನಿ ಅಯ್ನೋರ. ಹತ್ತೊಂಬತ್ತು ಛತ್ತು ಸೋರಲಿಲ್ಲ, ಅವಕ್ಕ ನಮ್ಮ ಮನಿಯವರ ಹೆಸರು. ಒಂದು ಕೆಟ್ಟಿತು, ಅದಕ್ಕ ನನ್ನ ಹೆಸರು. ತಪ್ಪು ನಂದಾದ್ರ ಕೆಲಸಾನೂ ನಂದು. ಮಿಸ್ತ್ರಿ ನಾನು. ಒಂದು ಖೋಲಿ ನನಗ ಕೊಡ್ರಿ.”

“ಇದೂ ಕೆಟ್ರ?” ಎಂದ ಅಮೀರ್ ಅಲಿ.

“ಕೆಟ್ರ ಮತ್ತ ಏಣಿ ಮುಟ್ಟಂಗಿಲ್ಲ. ಸಾಯೋತನಾ ಕೆಳಗ ನಿಂತು ಮಂದಿಗಿ ಪತ್ರಾ ಎತ್ತಿಕೊಡ್ತೀನಿ.”

ಗುರುಲಿಂಗಯ್ಯನವರು ಗಡ್ಡ ನೀವಿಕೊಂಡು, “ಮೂಡಲ ಖೋಲಿ ಜಾನಬಿದು, ಪಡುವಲ ಖೋಲಿ ಅಮೀರ್ ಅಲಿದು. ತೀರ್ಪು ಮಳಿ ಹೇಳಲಿ” ಎಂದರು.

ಅವಳು ಇಳಿಜಾರನ್ನು ಕಡಿದಾಗಿಸಿದಳು. ನೆತ್ತಿಯ ಮುಚ್ಚಳವನ್ನು ನಾಲ್ಕು ಬೆರಳು ಎತ್ತರಿಸಿ ಕೂಡಿಸಿದಳು. ಅಂಚಿನ ಕೆಳಗೆ ಗೇಣಗಲ ಗಾಳಿಗೆ ದಾರಿ ಬಿಟ್ಟಳು. ಆದರೆ ಮೊದಲ ಮಳೆ ಅಮೀರ್ ಅಲಿಯ ಪರವಾಗಿ ಸುರಿಯಿತು. ಪಡುವಲ ಕೋಣೆ ಗುಡಿಯಷ್ಟು ಶಾಂತ. ಮೂಡಲ ಕೋಣೆಯಲ್ಲಿ ಸಾವಿರ ಡೊಳ್ಳು. ಮಾಸ್ತರ ಮಡಿವಾಳಯ್ಯನವರು ಹುಡುಗರನ್ನೆಲ್ಲ ಪಡುವಲ ಕೋಣೆಗೆ ಸಾಗಿಸಿ, ಅವಳಿಗೆ ಹೇಳಿದರು: “ನಾ ಎರಡೆರಡ್ಲೆ ನಾಕು ಅಂತೀನವ್ವ, ಹುಡುಗೂರಿಗಿ ಬರೇ ಧಡಧಡ ಕೇಳ್ತದ.”

ಮೌಲಾಲಿಯೇ ಸೋತ. “ನಡಿ, ಊರಿಗಿ ಹೋಗಾಮು” ಎಂದ.

“ನಿಮ್ಮ ಮೊಣಕಾಲು ಮುರದದ, ನಂದಲ್ಲ” ಎಂದಳು ಜಾನಬಿ.

ರೈತರು ಒಲೆಗೆಂದು ಹೊಲದ ಬದುಗಳಲ್ಲಿ ಒಟ್ಟಿದ್ದ ಹಳೆಯ ತೊಗರಿಕಟ್ಟಿಗೆಯನ್ನು ಅವಳು ಬೇಡಿ ತಂದಳು. ಶಿವಕಾಂತಮ್ಮ ತನ್ನ ಬಣವೆಯ ಕಡೆ ಕೈ ತೋರಿಸಿ ಒಳಗೆ ಹೋದಳು. ಗಂಡಹೆಂಡತಿ ಎಂಟು ದಿನ ಕುಳಿತು ತಟ್ಟಿ ಹೆಣೆದರು. ಆ ಕೆಲಸಕ್ಕೆ ಮೊಣಕಾಲು ಬೇಕಿರಲಿಲ್ಲ. ತಗಡಿನ ಕೆಳಗೆ ಒಂದು ಗೇಣು ಬಿಟ್ಟು ತಟ್ಟಿ ಬಿಗಿದಾಗ ಡೊಳ್ಳು ದೂರದ ಗಿರಣಿಯಾಯಿತು. ತಗಡು ಬೆವರಿದರೂ ಹನಿ ತಟ್ಟಿಗೆ ಬಿದ್ದು, ನಡುವೆ ಹಾಯುವ ಗಾಳಿಗೆ ಅಲ್ಲಿಯೇ ಆರುತ್ತಿತ್ತು. ಹಾಗೆ ಮಾಡಿದವರನ್ನು ಈ ಸೀಮೆಯಲ್ಲಿ ಅದಕ್ಕೆ ಮೊದಲು ಯಾರೂ ಕಂಡವರಿಲ್ಲ. ಈಗ ಸೇಡಂ ಕಡೆಯವರೂ ಹೆಣೆಸಿಕೊಳ್ಳುತ್ತಾರೆ.

ಇತ್ತ ಆಶ್ವಿಜದ ಹೊತ್ತಿಗೆ ಪಡುವಲ ಕೋಣೆಯ ಹಾಳೆ ಹಸಿರುಗಟ್ಟಿತು. ಅಂಚುಗಳು ಹಪ್ಪಳದಂತೆ ಮುರುಟಿದವು. ಕೆಳಗಿನ ಹಲಗೆಗೆ ಬಿಳಿಯ ಬೂಸು ಬಂದು ಕೋಣೆಯೆಲ್ಲ ಹಳಸಿದ ವಾಸನೆ. ಮುಂದೆ ಚೈತ್ರದ ಬಿಸಿಲಿಗೆ ಡಾಂಬರು ಮೆತ್ತಗಾಗಿ ಹಲಗೆಯ ಸಂದುಗಳಿಂದ ಹುಡುಗರ ಟೊಪ್ಪಿಗೆಗಳ ಮೇಲೆ ಇಳಿಯಿತು. ಮಾಸ್ತರರು ಎರಡೂ ತರಗತಿಗಳನ್ನು ಮೂಡಲ ಕೋಣೆಗೆ ತಂದರು. ಇದನ್ನು ನೆನೆದು ಜಾನಬಿ ಹಿಗ್ಗುವುದಿಲ್ಲ. “ಡಾಂಬರ್ ಹಾಳಿ ಕೆಟ್ಟದ್ದಲ್ರಿ. ಕೊಡ್ಲಿ ಹಸಿಗಿ ತಾಳಂಗಿಲ್ಲ, ನಮ್ಮ ಬಿಸಲಿಗಿ ತಾಳಂಗಿಲ್ಲ, ಅಷ್ಟೇ. ಪತ್ರಾನೂ ದೇವರಲ್ಲ. ಉಸರಾಡಾಕ ಬಿಡಲಿಲ್ಲಂದ್ರ ಅದೂ ಕೈ ಕೊಡ್ತದ. ಯಾವ ಊರಿನ ಗಾಳಿ ಹೆಂಗದ ಅಂತ ಮೊದಲ ಕೇಳಬೇಕು, ಆಮ್ಯಾಲ ಮೊಳಿ ಹಿಡೀಬೇಕು. ನಾ ಏಳು ಚೀಲ ಜೋಳ ಕೆಡಿಸಿ ಕಲತೀನಿ.”

1954ರ ಜ್ಯೇಷ್ಠದಲ್ಲಿ ಪಡುವಲ ಕೋಣೆಗೂ ಅವಳೇ ತಗಡು ಹಾಸಿದಳು. ಕೊನೆಯ ಮೊಳೆ ಬಿದ್ದ ದಿನ ಮಿಸ್ತ್ರಿಗೆ ತಲೆಗೆ ಸುತ್ತುವ ರುಮಾಲನ್ನು ಉಡುಗೊರೆಯಾಗಿ ಆಹೇರಿ ಮಾಡುವುದು ಊರ ರೂಢಿ. ಹಿರಿಯರೊಬ್ಬರು ರುಮಾಲು ತಂದು, ಅಭ್ಯಾಸಬಲದಿಂದ, ಕೆಳಗೆ ಕುಳಿತ ಮೌಲಾಲಿಗೆ ಚಾಚಿದರು.

ಮೌಲಾಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. “ನನಗ್ಯಾಕ್ರಿ? ನಾ ಕೆಳಗ ಕುಂತು ಒದರಿದಾವ. ಒದರಿದ್ದಕ್ಕ ರುಮಾಲು ಕೊಡೂದಾದ್ರ ಊರಾಗಿನ ನಾಯಿಗಳಿಗೆಲ್ಲಾ ಸುತ್ತಬೇಕಾಗ್ತದ.”

ಹಿರಿಯರು ತಬ್ಬಿಬ್ಬಾದರು. ಹೆಂಗಸಿಗೆ ರುಮಾಲು ಎಂಬುದು ಯಾರೂ ಕೇಳಿದ್ದಲ್ಲ. ಗುಸುಗುಸು ನಡೆದು, ಒಂದು ಕುಪ್ಪಸದ ಖಣ ತರಿಸಿದರು. ಜಾನಬಿ ಛಾವಣಿಯ ನೆತ್ತಿಯಿಂದ ಇಳಿಯಲಿಲ್ಲ.

“ಖಣ ಮನಿಗಿ ಬಂದ ಹೆಣ್ಣುಮಕ್ಕಳಿಗಿ ಕೊಡ್ತೀರಿ. ಮಿಸ್ತ್ರಿಗಿ ಏನು ಕೊಡ್ತೀರಿ?” ಎಂದು ಮೇಲಿನಿಂದಲೇ ಕೇಳಿದಳು. “ಅದನ್ನ ಕೊಡ್ರಿ. ಇಲ್ಲಾಂದ್ರ ಏನೂ ಬ್ಯಾಡ. ನಾ ಇಲ್ಲೇ ಕುಂದರ್ತೀನಿ, ಛತ್ತು ಸೋರಂಗಿಲ್ಲ, ನನಗೇನು ಅವಸರಿಲ್ಲ.”

ಬಿಸಿಲು ಏರುತ್ತಿತ್ತು. ತಗಡು ಕಾಯುತ್ತಿತ್ತು. ಕೆಳಗೆ ಯಾರೂ ಅಲುಗಲಿಲ್ಲ, ಮೇಲೆ ಅವಳೂ ಅಲುಗಲಿಲ್ಲ. ಆಗ ಗುಂಪಿನಿಂದ ಶಿವಕಾಂತಮ್ಮ ಮುಂದೆ ಬಂದಳು. ಹಿರಿಯರ ಕೈಯಿಂದ ರುಮಾಲು ಕಸಿದುಕೊಂಡು, ಸೀರೆಯ ನಿರಿಗೆ ಎತ್ತಿ ಹಿಡಿದು, ಜನ್ಮದಲ್ಲಿ ಮೊದಲ ಸಲ ಏಣಿಯ ಮೂರು ಮೆಟ್ಟಿಲು ಹತ್ತಿ ಕೈ ನೀಡಿದಳು.

“ತಗೋ ಮಿಸ್ತ್ರಿ. ನನ್ನ ಜೋಳ ಕೆಟ್ಟದ್ದು ನಾ ಮರತಿಲ್ಲ. ಇದನ್ನೂ ಮರಿಯಂಗಿಲ್ಲ.”

ಜಾನಬಿ ಸೆರಗಿನ ಮೇಲೆಯೇ ರುಮಾಲು ಸುತ್ತಿಕೊಂಡು ಇಳಿದಳು. ಸುತ್ತಿದ್ದನ್ನು ಬಿಚ್ಚದೆ ಬಂಡಿ ಹತ್ತಿ, ಚಿತ್ತಾಪುರದ ಸಂತೆಯ ನಟ್ಟನಡುವೆ ಹಾದು ಶಹಾಬಾದಕ್ಕೆ ಹೋದಳು.

ಆ ಶ್ರಾವಣದ ಸೋಮವಾರ, ಶಾಲೆಯ ಮೂಡಲ ಕೋಣೆಯಲ್ಲಿ, ಗುರುಲಿಂಗಯ್ಯನವರು ಕಥೆಯನ್ನು ಇಲ್ಲಿಗೆ ನಿಲ್ಲಿಸಿದರು. ಹೊರಗೆ ಮಳೆ ಇನ್ನೂ ಹೊಯ್ಯುತ್ತಿತ್ತು. ಹಿಂದಿನ ಸಾಲಿನಲ್ಲಿ ಕುಳಿತ ಮುದುಕನೊಬ್ಬ, “ಏನೇ ಅನ್ರಿ ಅಯ್ನೋರ, ಹೆಂಗಸಿಗಿ ರುಮಾಲು ಕೊಟ್ಟದ್ದು ಸರಿ ಆಗಲಿಲ್ಲ” ಎಂದ.

ಗುರುಲಿಂಗಯ್ಯನವರು ಬಾಗಿಲ ಕಡೆ ಕೈ ಮಾಡಿದರು. “ಸರಿ ಆಗಲಿಲ್ಲ ಅನ್ನೋರು ಹೊರಗ ಹೋಗಿ ನಿಂದರ್ರಿ. ಇದು ಅಕೀ ಛತ್ತು.”

ಮುದುಕ ಬಾಗಿಲನ್ನೂ ಮಳೆಯನ್ನೂ ನೋಡಿದ. ಆಮೇಲೆ ಕಾಲು ಮಡಚಿ ಇನ್ನಷ್ಟು ಒಳಗೆ ಸರಿದು ಕುಳಿತ. ಮಳೆ ನಿಲ್ಲುವವರೆಗೆ ಯಾರೂ ಏಳಲಿಲ್ಲ. ನಿಂತ ಮೇಲೆ ಒಬ್ಬೊಬ್ಬರಾಗಿ ಎದ್ದು, ಕೆಸರು ದಾಟಿ, ಒಣಬಟ್ಟೆಯಲ್ಲಿ ಮನೆಗೆ ಹೋದರು.