ಕೆಂಪು ಬಟ್ಟೆ ಕಟ್ಟಿದ ಗಳ

ದೊಡ್ಡಬೆಳವಂಗಲದ ಹತ್ತಿರದ ಪಕ್ಷಿಧಾಮದ ಕೆರೆಯಲ್ಲಿ ಏಳು ವರ್ಷದಿಂದ ನಾನು ಕಳೆ ತೆಗೆಯುತ್ತಿದ್ದೇನೆ. ನೀರಿನ ಮೇಲೆ ಅಂತರಗಂಗೆ ಎಲ್ಲಿ ಬೇಗ ಹಬ್ಬುತ್ತದೆ, ಯಾವ ಜೊಂಡನ್ನು ಕೊಯ್ಯದೆ ಹಕ್ಕಿಗಳಿಗೆ ಬಿಡಬೇಕು, ಎಲ್ಲ ನನಗೆ ಗೊತ್ತಿತ್ತು. ಯಾರೂ ಕೇಳಿದವರಲ್ಲ.

ಹೋದ ವರ್ಷ ನೆಲಮಂಗಲದ ಗೋದಾಮಿನ ಕೆಲಸ ಬಿಟ್ಟು ಒಬ್ಬಳು ಬಂದು ಸೇರಿದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಮೂರೇ ತಿಂಗಳಿಗೆ ಪಕ್ಷಿಧಾಮದ ಸಾಹೇಬರು ದಿನಾ ಬೆಳಿಗ್ಗೆ ಅವಳನ್ನೇ ಕರೆದು, "ಇವತ್ತು ಎಲ್ಲಿಂದ ಶುರು ಮಾಡೋಣಮ್ಮಾ?" ಎನ್ನತೊಡಗಿದರು. ನಾನು ಪಕ್ಕದಲ್ಲೇ ಕುಡುಗೋಲು ಹಿಡಿದು ನಿಂತಿರುತ್ತಿದ್ದೆ.

ಮಳೆಗಾಲದಲ್ಲಿ ಅವಳಿಗೆ ಒಂದು ಗೂಡು ಸಿಕ್ಕಿತು. ಎಲೆಗಳ ಮೇಲೆ ನಡೆದಾಡುವ, ಉದ್ದ ಬಾಲದ ದೇವನಕ್ಕಿಯದು. ತೇಲುವ ಕಳೆಯ ಮೇಲೆ ನಾಲ್ಕು ಕಂದು ಮೊಟ್ಟೆ. ಮಾರನೇ ದಿನ ಕಳೆ ಎತ್ತುವ ಯಂತ್ರ ಬರುವುದಿತ್ತು. ಅಷ್ಟು ಜಾಗ ಬಿಡಲೆಂದು ಅವಳು ಗಳಕ್ಕೆ ಕೆಂಪು ಬಟ್ಟೆ ಕಟ್ಟಿ ಅಲ್ಲಿ ನೆಟ್ಟಳು. ಸಾಹೇಬರು ಎಲ್ಲರೆದುರು ಅವಳನ್ನು ಹೊಗಳಿದರು.

ಮಾರನೇ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ತೆಪ್ಪದಲ್ಲಿ ಕೂತು, ಆ ಗಳವನ್ನು ಕಿತ್ತು ದೂರ ನೆಟ್ಟೆ. ಅವಳ ಲೆಕ್ಕ ತಪ್ಪಿತು ಎಂದು ಸಾಹೇಬರಿಗೆ ಅನ್ನಿಸಬೇಕಿತ್ತು, ಅಷ್ಟೇ.

ಯಂತ್ರ ನೇರ ಗೂಡಿನ ಕಡೆಗೇ ಹೊರಟಿತು. ಹಕ್ಕಿ ಮೊಟ್ಟೆ ಬಿಟ್ಟೇಳಲಿಲ್ಲ. ಇನ್ನೇನು ಎರಡು ಮಾರು ದೂರವಿದೆ ಎನ್ನುವಾಗ, "ನಿಲ್ಸಪ್ಪೋ!" ಎಂದು ನಾನೇ ಕಿರುಚಿಬಿಟ್ಟೆ. ಯಂತ್ರ ನಿಂತಿತು. ಅದರ ಅಲೆಗೆ ಒಂದು ಮೊಟ್ಟೆ ಜಾರಿ ಮುಳುಗಿತು.

ಅವಳು ಏರಿಯ ಮೇಲಿಂದ ಓಡಿ ಬಂದಳು. "ಗೂಡಿರೋ ಕಳೆ ಗಾಳಿಗೆ ಗಳದಿಂದ ದೂರ ತೇಲ್ಕೊಂಡ್ ಬಂದಿರ್ಬೇಕು ಸಾರ್. ಅಕ್ಕ ನೋಡ್ದೇ ಇದ್ದಿದ್ರೆ ಎಲ್ಲಾ ಹೋಗ್ಬಿಡ್ತಿತ್ತು," ಎಂದಳು. ಸಾಹೇಬರು ನನ್ನ ಬೆನ್ನು ತಟ್ಟಿದರು. ಏಳು ವರ್ಷದಲ್ಲಿ ಮೊದಲ ಸಲ. ಅದೂ ಅವಳು ಕೊಡಿಸಿದ್ದು.

ಉಳಿದ ಮೂರೂ ಮರಿಯಾದವು. ಒಂದು ಸಂಜೆ ಬಸ್ಸಿಗೆ ಕಾಯುವಾಗ ತಡೆಯಲಾರದೆ, "ಆ ಗಳ ಕಿತ್ತಿದ್ದು ನಾನೇ," ಎಂದೆ.

"ಗೊತ್ತಕ್ಕ. ನೀವು ಕೂಗಿದ್ ದನೀಲೇ ಗೊತ್ತಾಯ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಕೆಲಸದಿಂದ ತೆಗೀತಿದ್ರು," ಎಂದು ಬಸ್ಸು ಬರುವ ದಾರಿ ನೋಡತೊಡಗಿದಳು.

ಕಾಲಿಗೆ ಬೀಳಬೇಕು ಅನ್ನಿಸಿತು. ಜೊತೆಗೇ, ಅವಳ ಜಾಗದಲ್ಲಿ ನಾನಿದ್ದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿರಲಿಲ್ಲ ಎಂದೂ ಹೊಳೆಯಿತು. ಆ ಒಳ್ಳೆಯತನವೂ ಅವಳ ಪಾಲಿಗೇ ಹೋಯಿತಲ್ಲ ಎಂದು ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತು ಉರಿದುಕೊಂಡೆ.