ಜಿಗಿಹುಳುವಿನ ದನಿ ಕೇಳಿದ್ದು

ನನ್ನ ಗಂಡನ ಅಣ್ಣ, ಅಂದರೆ ಭಾವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಪರಿಗಿ ಹತ್ತಿರ ನಮ್ಮದು ಕೂಡುಕುಟುಂಬದ ದ್ರಾಕ್ಷಿ ತೋಟ. ಚಪ್ಪರದ ತುಂಬ ಜಿಗಿಹುಳು. ಎಲೆ ಮುಟ್ಟಿದರೆ ಸಾಕು, ಪುರ್ರನೆ ಹಾರುತ್ತಿದ್ದವು. ಅವು ರಸ ಹೀರಿದ ಎಲೆ ಅಂಚಿನಿಂದ ಸುಟ್ಟ ಹಾಗಾಗಿ ಮುದುರಿಕೊಳ್ಳುತ್ತಿತ್ತು. ಔಷಧಿ ಹೊಡೆಯುವವರು ಗಂಡಸರು. ಮಾರನೆಯ ದಿನ ಅದೇ ಎಲೆಗಳ ಕೆಳಗೆ ಕತ್ತೆತ್ತಿ ನಿಂತು, ಗೊಂಚಲಿನಲ್ಲಿ ಹೆಚ್ಚಾದ ಕಾಯಿ ಕತ್ತರಿಸುವವರು ನಾವು ಹೆಂಗಸರು. ಕಣ್ಣುರಿ, ತಲೆಸುತ್ತು, ಊಟ ಸೇರದು. ಹೇಳಿದರೆ "ಬಿಸಿಲಿಗೆ ಕಣಮ್ಮ" ಅನ್ನುತ್ತಿದ್ದರು ಭಾವ.

ಮನೆಮನೆಗೂ ಮೊಬೈಲ್ ಬರುತ್ತಿದ್ದ ಕಾಲ ಅದು. ಹುಳುಗಳ ಬಗ್ಗೆ ಓದುತ್ತಿದ್ದ ಒಬ್ಬ ಮೇಡಂ ಹಿಂದೂಪುರದ ಕಡೆಯಿಂದ ತೋಟಕ್ಕೆ ಬಂದರು. ಚಪ್ಪರದ ತಂತಿಗೆ ಒಂದು ಪುಟ್ಟ ಯಂತ್ರ ಕಟ್ಟಿ ನೋಡಬೇಕು, ಕೆಲವು ಸಾಲು ಬಿಟ್ಟುಕೊಡಿ, ಅಲ್ಲಿ ಮಾತ್ರ ಔಷಧಿ ಹೊಡೆಯಬೇಡಿ ಅಂದರು. ಭಾವ ನಕ್ಕರು. ನಾನು ಹಟ ಹಿಡಿದು ಒಪ್ಪಿಸಿದೆ.

ಮೇಡಂ ಬಳ್ಳಿಗೆ ಏನನ್ನೋ ಸಿಕ್ಕಿಸಿ, ಇಯರ್‌ಫೋನನ್ನು ನನ್ನ ಕಿವಿಗಿಟ್ಟರು. "ಕೇಳಿ ಅಕ್ಕ, ಗಂಡು ಹೆಣ್ಣನ್ನ ಕರೀತಾ ಇದೆ."

ದೂರದ ಮನೆಯಲ್ಲಿ ಯಾರೋ ರಾಗಿ ಬೀಸುತ್ತಿರುವಂಥ ಸದ್ದು. ಸ್ವಲ್ಪ ತಡೆದು ಇನ್ನೊಂದು, ಹೆಣ್ಣಿನ ಉತ್ತರ. ಆ ದನಿ ಗಾಳಿಯಲ್ಲಿ ಬರುವುದಲ್ಲವಂತೆ, ಬಳ್ಳಿಯೊಳಗೇ ಅದುರಿಕೊಂಡು ಹೋಗುತ್ತದಂತೆ. ಯಂತ್ರ ತಂತಿಯನ್ನು ಅದುರಿಸುತ್ತಿದ್ದರೆ ಒಂದರ ಕರೆ ಇನ್ನೊಂದಕ್ಕೆ ಕೇಳದು, ಜೋಡಿ ಸೇರದು, ಮರಿ ಹುಟ್ಟದು. ಮದುವೆಯಾಗಿ ಬಂದಾಗಿನಿಂದ ಆ ಬಳ್ಳಿಗಳ ಕೆಳಗೇ ದುಡಿದಿದ್ದ ನನಗೆ ಮೈ ಜುಮ್ಮೆಂದಿತು.

ಬ್ಯಾಟರಿ ಚಾರ್ಜು ಮಾಡುವುದು, ವೈರು ನೋಡಿಕೊಳ್ಳುವುದು ನನ್ನ ಕೆಲಸವಾಯಿತು. ಬರುಬರುತ್ತಾ ಆ ಸಾಲುಗಳಲ್ಲಿ ಎಲೆ ತಿರುಗಿಸಿದರೆ ಮರಿಹುಳು ಕಡಿಮೆ. ಕಣ್ಣಾರೆ ನೋಡಿದೆ.

ಅಷ್ಟರಲ್ಲಿ ತವರು ಕುಂದುರ್ಪಿಯಿಂದ ಫೋನ್ ಬಂತು. ತಂಗಿಯನ್ನು ಹೆರಿಗೆಗೆ ಕಲ್ಯಾಣದುರ್ಗದ ಆಸ್ಪತ್ರೆಗೆ ಸೇರಿಸಿದ್ದರು. ಓಡಿದೆ. ಬಾಣಂತಿ, ಮಗು ಅಂತ ಅಲ್ಲೇ ಕೆಲವು ದಿನ ಉಳಿದೆ. ತಿರುಗಿ ಬಂದಾಗ ತೋಟದ ಬೇಲಿಯ ಹತ್ತಿರವೇ ಔಷಧಿ ವಾಸನೆ ಮೂಗಿಗೆ ಬಡಿಯಿತು. ಯಂತ್ರದ ವೈರು ಕಿತ್ತು ನೇತಾಡುತ್ತಿತ್ತು.

"ಯಾಕೆ ಭಾವ ಹಿಂಗೆ ಮಾಡಿದ್ರಿ?"

"ಇನ್ನೇನಮ್ಮ ಮಾಡ್ಲಿ? ಔಷ್ದಿ ಅಂಗ್ಡೀಲಿ ಎಲ್ರ ಮುಂದೆ, 'ಏಮಪ್ಪಾ, ಮೀ ತೋಟಲೋ ಪುರುಗುಲಕು ಪಾಟಲು ಪೆಡ್ತಾರಂಟ' ಅಂತ ನಗ್ತಾರೆ. ನಮ್ಮನೆ ಹೆಂಗಸ್ರು ಹುಳಕ್ಕೆ ಹಾಡು ಹಾಕ್ತಾರೆ ಅಂತ ಅನ್ನುಸ್ಕೊಬೇಕಾ? ಕಿತ್ತಾಕಿ ಔಷ್ದಿ ಹೊಡ್ದ್ಬುಟ್ಟೆ."

ಅಂಗಡಿಯವನೊಬ್ಬ ನಕ್ಕನಂತೆ! ಅಷ್ಟಕ್ಕೇ!

ಮೇಡಂ ಬಂದು ಎಲೆ ತಿರುಗಿಸಿ ನೋಡಿದರು. "ಹುಳ ಕಮ್ಮಿಯಾಗಿದ್ದು ಯಂತ್ರದಿಂದಲೋ ಔಷಧಿಯಿಂದಲೋ ಅಂತ ಇನ್ನು ಹೇಳಕ್ಕಾಗಲ್ಲ ಅಕ್ಕ" ಅಂದರು. ಬೈಯಲಿಲ್ಲ. ಯಂತ್ರ ಬಿಚ್ಚಿಕೊಂಡು ಹೊರಟರು. ಹಿಂದಿನಿಂದ ಭಾವ, "ನೋಡಿದ್ರಾ, ಒಂದೇ ಸಲ ಹೊಡೆದೆ, ಹುಳ ಖಾಲಿ" ಅಂದರು. ನನ್ನ ಮೈ ಉರಿದುಹೋಯಿತು.

"ಹೋಗ್ಲಿ ಬಿಡೆ, ಅಣ್ಣ ಅಲ್ವಾ" ಅಂದ ನನ್ನ ಗಂಡ. ಆ 'ಹೋಗ್ಲಿ ಬಿಡು' ಇನ್ನೂ ಹೆಚ್ಚು ಸುಟ್ಟಿತು.

ಔಷಧಿ ವಾಸನೆ ಹೋಗುವ ತನಕ ಚಪ್ಪರದ ಕೆಳಗೆ ಕಾಲಿಡುವುದಿಲ್ಲ ಅಂತ ಅವತ್ತೇ ಹೇಳಿದೆ. ಅತ್ತೆ ಅತ್ತರು, ಭಾವ ಮಾತು ಬಿಟ್ಟರು. ಮುಂದಿನ ಸಲ ಹೊಡೆದಾಗ ನನ್ನ ವಾರಗಿತ್ತಿ, ಅವರ ಹೆಂಡತಿಯೇ, ನನ್ನ ಪಕ್ಕ ಜಗಲಿ ಮೇಲೆ ಬಂದು ಕೂತಳು. ಆಮೇಲೆ ಔಷಧಿ ಹೊಡೆದಾಗಲೆಲ್ಲ, ವಾಸನೆ ಹೋಗಿ ನಾವು ಕೆಲಸಕ್ಕೆ ಇಳಿಯುವ ತನಕ ಭಾವ ಕಾಯಲೇಬೇಕಾಯಿತು. ನಾನು ಗೆದ್ದದ್ದು ಅಷ್ಟೇ. ಯಂತ್ರ ಮತ್ತೆ ಬರಲಿಲ್ಲ.

ಮುಂದೊಮ್ಮೆ ಚಿಲಮತ್ತೂರಿನ ಮದುವೆಯೂಟದಲ್ಲಿ ಭಾವ ನೆಂಟರಿಗೆ ಹೇಳುತ್ತಿದ್ದರು: "ಸದ್ದು ಮಾಡಿ ಹುಳ ತಡೆಯೋ ಮೆಷೀನು ಈ ಕಡೆ ಮೊದ್ಲು ಬಂದಿದ್ದೇ ನಮ್ಮ ತೋಟಕ್ಕೆ ಕಣಪ್ಪ."

ಸಾರು ಬಡಿಸುತ್ತಿದ್ದವಳು ಅಲ್ಲೇ ನಿಂತೆ. "ಅದರ ವೈರು ಕಿತ್ತೋರು ಯಾರು ಅಂತಾನೂ ಹೇಳಿ ಭಾವ" ಅಂದೆ, ಪಂಕ್ತಿಗೆಲ್ಲ ಕೇಳುವ ಹಾಗೆ.

ಅವರು ಅನ್ನ ಕಲಸತೊಡಗಿದರು. ನಾನು ಮುಂದಿನ ಎಲೆಗೆ ಹೋದೆ.