ಒಂದು ಗೇಣು ಕೊಯ್ದ ಹುಟ್ಟು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮಂಜೀರಾ ಹೊಳೆಯ ನ್ಯಾಲ್ಕಲ್ ಕಡೆಯ ದಂಡೆಯಲ್ಲಿ ಮೋನಮ್ಮ ದೋಣಿಯೊಳಗಿನ ನೀರು ಮೊಗೆದು ಚೆಲ್ಲುತ್ತಾಳೆ. ತೇಪೆ ಹಾಕಿದ ಹಾಯಿಯ ಹಗ್ಗ ಬಿಗಿಯುತ್ತಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂಬದಿಗೆ ಹೋಗಿ ನಿಲ್ಲುತ್ತಾಳೆ. ಅಲ್ಲಿ ಹಲಗೆಗೆ ಕೊರೆದ ಒಂದು ಕಚ್ಚು, ಅದರಲ್ಲಿ ಒಂದೇ ಒಂದು ಉದ್ದನೆಯ ಹುಟ್ಟು. ಅದನ್ನು ನೀರಿನಿಂದ ಎತ್ತುವ ಮಾತೇ ಇಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತ ಕೊನೆಯಲ್ಲಿ ಮಣಿಕಟ್ಟು ತಿರುವಿದರೆ, ಮೀನು ಬಾಲ ಆಡಿಸಿದಂತೆ ದೋಣಿ ಮುಂದೆ ಸರಿಯುತ್ತದೆ. ನೋಡುವವರಿಗೆ ಬಲು ಸಲೀಸು. ಒಮ್ಮೆ ಹಿಡಿದು ನೋಡಿ, ಗೊತ್ತಾಗುತ್ತದೆ.

ಫಸಲಿ 1355ರ, ಅಂದರೆ ಇಂಗ್ಲಿಷ್ ಲೆಕ್ಕದ 1946ರ, ಈ ಮಳೆಗಾಲದಲ್ಲಿ ಹೊಳೆ ದಂಡೆ ತುಂಬಿ ಹರಿಯುತ್ತಿದೆ. ದಿನಕ್ಕೆ ಹನ್ನೆರಡು ಸಲ ದಾಟಿಸಬೇಕು. ನಾರಾಯಣಖೇಡದ ಸಂತೆಯ ದಿನ ಇಪ್ಪತ್ತು ಸಲ. ಒಂದು ಸಲಕ್ಕೆ ಎಂಟು ಮಂದಿ, ಮೇಲೊಂದೆರಡು ಮೇಕೆ. ಗಾಳಿ ಇದ್ದರೆ ಹಾಯಿ, ಗಾಳಿ ಬಿದ್ದರೆ ಹುಟ್ಟು. ದಂಡೆ ಮುಟ್ಟಿದ್ದೇ ತಡ, ಎಲ್ಲರೂ ಇಳಿದು ನಡೆದುಬಿಡುತ್ತಾರೆ. ದೋಣಿಯವಳ ಹೆಸರು ಕೇಳಿದವರು ಕಡಿಮೆ.

ಹೋದ ವರ್ಷದವರೆಗೆ ಹುಟ್ಟು ಗಂಡ ಪೋಚಪ್ಪನ ಕೈಯಲ್ಲಿತ್ತು, ಹಾಯಿ ಇವಳ ಕೈಯಲ್ಲಿ. ಚಳಿಜ್ವರ ಅವನನ್ನು ನಾಲ್ಕೇ ದಿನದಲ್ಲಿ ಒಯ್ದಿತು. ಮಕ್ಕಳಿಲ್ಲ. ಅವನ ಹುಟ್ಟೂ ಬೇಸಿಗೆಯ ಬಿಸಿಲಿಗೆ ಸೀಳಿತು. ಊರ ಪಟೇಲ ವೀರಪ್ಪ ಕಡ್ಡಿ ಮುರಿದಂತೆ ಹೇಳಿದ: “ಎರಡಾಳಿನ ಕೆಲಸ ಅದ. ತುಂಬಿದ ಹೊಳ್ಯಾಗ ಒಬ್ಬಾಕಿನೇ ದಾಟಿಸಿ ತೋರ್ಸು. ಇಲ್ಲಾಂದ್ರ ದೋಣಿ ಬ್ಯಾರೆಯವರಿಗಿ ಬಿಡು.”

ಮೋನಮ್ಮ ಸಾಗವಾನಿ ಮರದ ತುಂಡೊಂದನ್ನು ತಂದು ತಾನೇ ಬಾಚಿ ಹಿಡಿದು ಕೂತಳು. ಎಡವಿದ್ದು ಅಲ್ಲೇ. ಹುಟ್ಟನ್ನು ಹಿಡಿಯುವವರ ಅಳತೆಗೇ ಕೆತ್ತುವುದು ಈ ದಂಡೆಯ ರೂಢಿ: ನಿಂತು ಕೈಯೆತ್ತಿದ ಎತ್ತರ, ಅದರ ಮೇಲೆ ಎರಡು ಮೊಳ. ಇವಳು ತನ್ನ ಅಳತೆ ತೆಗೆಯಲೇ ಇಲ್ಲ. ತನಗಿಂತ ಎತ್ತರವಿದ್ದ ಗಂಡನ ಸೀಳಿದ ಹುಟ್ಟನ್ನು ಪಕ್ಕದಲ್ಲಿ ಮಲಗಿಸಿ ಅದರಂತೆಯೇ ಗೆರೆ ಎಳೆದಳು. ನೀರಿಗಿಳಿಸಿ ನೋಡಿದಾಗ ಎದೆಯ ಮಟ್ಟಕ್ಕಿರಬೇಕಾದ ಹಿಡಿ ಗದ್ದಕ್ಕೆ ಬಡಿಯಿತು, ಹುಟ್ಟು ಕಚ್ಚಿನಿಂದ ಹಾರಿತು. ದೋಣಿ ಅವಳೊಬ್ಬಳನ್ನೇ ಹೊತ್ತು ಕೊಚ್ಚಿಹೋಗಿ ಜಾಲಿಯ ಪೊದೆಗೆ ಸಿಕ್ಕಿಕೊಂಡಿತು. ಸದ್ಯ, ಜೀವ ಉಳಿಯಿತು.

“ತಪ್ಪು ಎಲ್ಲಿ ಅದ ಅಂತ ತಿಳೀತು. ಆದ್ರ ಗರಗಸ ಹಚ್ಚಾಕ ಎರಡು ದಿನ ಮನಸ್ಸಾಗ್ಲಿಲ್ರಿ,” ಎಂದು ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾಳೆ. “ಅದು ಅವರ ಅಳತಿ. ಒಂದು ಗೇಣು ಕೊಯ್ದೆ. ಕೊಯ್ದು ಕುಂತು ಅತ್ತೆ.”

ಅಗಸೆ ಎಣ್ಣೆ ಸವರಿದ ಹುಟ್ಟು ಮರುದಿನ ಕಚ್ಚಿನಲ್ಲಿ ಸರಿಯಾಗಿ ಕೂತಿತು. ದೋಣಿಯಲ್ಲಿ ಪಟೇಲನೇ ಬಂದು ಕೂತ. ನಡುಹೊಳೆಯಲ್ಲಿ ಗಾಳಿ ಬಿದ್ದು ಹಾಯಿ ಜೋತಿತು. ದೋಣಿಯ ಅಂಚು ಹಿಡಿದ ಪಟೇಲನ ಕೈ ಆಚೆ ದಂಡೆಯವರೆಗೂ ಸಡಿಲಾಗಲಿಲ್ಲವಂತೆ. ಇವಳು ಹುಟ್ಟು ತೂಗಿದಳು. ದಂಡೆ ಮುಟ್ಟಿದಾಗ ಅವನು ಧೋತರ ಕೊಡವಿಕೊಂಡು, “ದೋಣಿ ನಿಂದೇ, ನಡ್ಸು” ಎಂದು ಹೊರಟುಹೋದ.

ಮೋನಮ್ಮ ಖಾಲಿ ದೋಣಿ ತಿರುಗಿಸಿಕೊಂಡು ಬಂದಳು. ಮನೆಗೆ ಹೋಗಿ ಒಲೆ ಹಚ್ಚಿ ಎರಡು ರೊಟ್ಟಿ ಬಡಿದಳು.

“ಗೆದ್ದು ಬಂದೀನಿ ಅಂತ ಹೇಳಾಕ ಮನ್ಯಾಗ ಯಾರೂ ಇದ್ದಿಲ್ರಿ,” ಎನ್ನುತ್ತಾಳೆ, ಹೊಳೆಯ ಕಡೆ ನೋಡುತ್ತ. “ಕೇಳಿದವರು ನೀವೇ ಮೊದಲು. ಬರ್ಕೋರಿ.”